ಹರಿದುದೂ ಜೀರ್ಣವಾದುದೂ

ಕಳೆದ ಆಷಾಢದಲ್ಲಿ ನಮ್ಮ ಮನೆಯ ರೇಡಿಯೋ ಮೌನವ್ರತವನ್ನು ಹಿಡಿಯಿತು. ನಮ್ಮ ತಂದೆಯವರು 1975ರಲ್ಲಿ ತಿಪಟೂರಿನಲ್ಲಿ ಕೊಬ್ಬರಿಯನ್ನು ಮಾರಿ ಬಂದ ಹಣದಿಂದ ಕೊಂಡುತಂದ ಟ್ರಾನ್ಸಿಸ್ಟರು ಅದು. ಆ ದಿನಗಳಲ್ಲಿ ರೇಡಿಯೋ ಇಟ್ಟುಕೊಳ್ಳತಕ್ಕವರು ಅಂಚೆ ಕಚೇರಿಯಲ್ಲಿ ಪರವಾನಗಿಯನ್ನು ಪಡೆದು ವರ್ಷವರ್ಷವೂ ಶುಲ್ಕ ತೆರಬೇಕಾಗಿದ್ದಿತು. ಆಕಾಶವಾಣಿಯಲ್ಲಿ ಸಂಸ್ಕೃತ ವಾರ್ತೆಯು 1974ರಲ್ಲಿ ಆರಂಭವಾಗಿದ್ದಿತಷ್ಟೆ. ಅಟ್ಟದ ಮೇಲೆ ಕಾಯಿ ಒಣಗುತ್ತಿದ್ದ ಮನೆಯಲ್ಲಿ, ಒಲೆಯ ಮುಂದೆ ಕುಳಿತು, ಅರ್ಥವಾಗದಿದ್ದರೂ ಕಿವಿಗೊಟ್ಟು ಕೇಳಿದ ಆ ಐದು ನಿಮಿಷದ ವಾರ್ತೆಯೇ ನನ್ನನ್ನು ಸಂಸ್ಕೃತದ ಕಡೆಗೆ ಎಳೆಯಿತೆಂದರೆ ಅತಿಶಯೋಕ್ತಿಯಲ್ಲ.

ಬೆಂಗಳೂರಿನಿಂದ ಬಂದಿದ್ದ ನಮ್ಮ ಮಗನು, “ಅಪ್ಪಾ, ರಿಪೇರಿಗೆ ಐನೂರು ರೂಪಾಯಿ ಸುರಿಯುವ ಬದಲು ಸಾವಿರ ಕೊಟ್ಟರೆ ಹೊಸದೇ ಬರುತ್ತದೆ. ಜೀರ್ಣವಾದ ವಸ್ತ್ರವನ್ನು ಬಿಟ್ಟು ಹೊಸದನ್ನು ಉಡುವ ಗೀತೆಯ ದೃಷ್ಟಾಂತವನ್ನು ನೀವೇ ನನಗೆ ಪಾಠ ಹೇಳಿಲ್ಲವೆ?” ಎಂದನು. ಶಾಸ್ತ್ರವನ್ನು ಕಲಿಸಿದವನ ಮೇಲೆಯೇ ಶಾಸ್ತ್ರವು ತಿರುಗಿ ಬಿದ್ದರೆ ಗತಿಯೇನು! ನಾನು ತಡವರಿಸುತ್ತಿರಲು ಮನೆಯಾಕೆ ಒಳಗಿನಿಂದ, “ಜೀರ್ಣವಾದ ಬಟ್ಟೆ ಬೇರೆ, ಹರಿದ ಬಟ್ಟೆ ಬೇರೆ. ಹರಿದದ್ದಕ್ಕೆ ಸೂಜಿಯಿದೆಯಲ್ಲ!” ಎಂದಳು. ನಲವತ್ತು ವರ್ಷದ ವ್ಯಾಖ್ಯಾನದಲ್ಲಿ ನನಗೆ ಹೊಳೆಯದಿದ್ದ ಭೇದ ಇದು.

ಮರುದಿನ ರೇಡಿಯೋವನ್ನು ವಲ್ಲಿಯಲ್ಲಿ ಸುತ್ತಿಕೊಂಡು ತಿಪಟೂರಿಗೆ ಹೋದೆನು. ಅಂಗಡಿಯಾತನು ನನ್ನ ಹಳೆಯ ಶಿಷ್ಯ. ಹೈಸ್ಕೂಲಿನಲ್ಲಿ ಅವನಿಗೆ ವಿಭಕ್ತಿಗಳು ಬರುತ್ತಿರಲಿಲ್ಲ. ಒಂದು ದಿನ ಇಡೀ ತರಗತಿಯ ಎದುರಿನಲ್ಲಿ “ನೀನು ಯಾವುದಕ್ಕೂ ಪ್ರಯೋಜನವಿಲ್ಲ” ಎಂದು ಹೇಳಿ ಅವನನ್ನು ಹೊರಗೆ ನಿಲ್ಲಿಸಿದ್ದೆನು. ಆ ವರ್ಷವೇ ಅವನು ಶಾಲೆಯನ್ನು ಬಿಟ್ಟನು. ಇದು ನನಗೆ ನೆನಪಿದ್ದಿತು, ಅವನಿಗೂ ಇದ್ದಿರಬೇಕು.

ಅವನು ಕುರ್ಚಿಯನ್ನು ಒರೆಸಿ ಕೂರಿಸಿ, ಪೆಟ್ಟಿಗೆಯ ಬೆನ್ನನ್ನು ಬಿಚ್ಚಿದನು. ಹಳೆಯ ಬ್ಯಾಟರಿಯ ರಸ ಸೋರಿ ತಗಡುಗಳು ಹಸುರುಗಟ್ಟಿದ್ದುವು. ಅವುಗಳನ್ನು ಉಜ್ಜಿ, ಮೀಟರಿನ ಮುಳ್ಳುಗಳನ್ನು ಅಲ್ಲಲ್ಲಿ ತಾಗಿಸಿ ನೋಡಿ, ಕಡಲೆಕಾಯಿಯಷ್ಟು ದೊಡ್ಡದಾದ ಒಂದು ಕೆಪಾಸಿಟರನ್ನು ಹೊರತೆಗೆದನು. “ಇದರೊಳಗೆ ಅಲ್ಯೂಮಿನಿಯಮ್ ತಗಡಿನ ಸುರುಳಿ, ನಡುವೆ ದ್ರವದಲ್ಲಿ ತೋಯ್ದ ಕಾಗದ ಇರುತ್ತೆ, ಸಾರ್. ವರ್ಷಗಳು ಕಳೆದಂತೆ ದ್ರವ ಒಣಗುತ್ತೆ. ಕಾಯಿ ಒಣಗಿದರೆ ಕೊಬ್ಬರಿ, ಇದು ಒಣಗಿದರೆ ಕಸ” ಎಂದು ನಕ್ಕನು. ತವರವೂ ಸೀಸವೂ ಬೆರೆತ ಬೆಸುಗೆಯ ತಂತಿ 183 ಡಿಗ್ರಿ ಶಾಖಕ್ಕೆ ಕರಗುವುದೆಂದೂ, ಕೈ ಒಂದು ಕ್ಷಣ ಹೆಚ್ಚು ನಿಂತರೆ ಪಕ್ಕದ ಭಾಗ ಸುಟ್ಟುಹೋಗುವುದೆಂದೂ ಅವನಿಂದಲೇ ತಿಳಿದುಕೊಂಡೆನು. ರಾಳದ ಹೊಗೆ ಎದ್ದಿತು. ಹೊಸ ಕೆಪಾಸಿಟರು ಕುಳಿತಿತು. ಬೆಂಗಳೂರು ಕೇಂದ್ರದ ಧ್ವನಿ ಅಂಗಡಿಯನ್ನು ತುಂಬಿತು.

ಅವನು ಕಿವಿಯನ್ನು ರೇಡಿಯೋದ ಕಡೆಗಿಟ್ಟೇ “ರಾಮಃ ರಾಮೌ ರಾಮಾಃ” ಎಂದು ಮೆಲ್ಲಗೆ ಆರಂಭಿಸಿ, ತೃತೀಯಾ ವಿಭಕ್ತಿಗೆ ಬಂದು ನಿಂತನು. ಹಿಂದೆಯೂ ಅಲ್ಲಿಯೇ ನಿಲ್ಲುತ್ತಿದ್ದನು. “ರಾಮೇಣ” ಎಂದು ನಾನು ಹೇಳಿಕೊಟ್ಟೆನು. “ರಾಮೇಣ ರಾಮಾಭ್ಯಾಂ ರಾಮೈಃ” ಎಂದು ಅವನು ಮುಂದುವರಿದನು. ಅಂದು ಒಂದು ಮಾತನ್ನು ಹೇಳಿಕೊಟ್ಟಿದ್ದರೆ ಸಾಕಾಗಿದ್ದಿತು. ಬೆನ್ನನ್ನು ಬಿಚ್ಚಿ ನೋಡದೆಯೇ ಕಸಕ್ಕೆ ಹಾಕಿದವನು ನಾನು.

ಹಳೆಯದೆಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾನು ವಾದಿಸತಕ್ಕವನಲ್ಲ. ಅದೇ ದಿನ ಚಿಕ್ಕನಾಯಕನಹಳ್ಳಿಯ ಕಡೆಯಿಂದ ಒಬ್ಬರು ಗಾಜಿನ ಕೊಳವೆಯ ಹಳೆಯ ಟೆಲಿವಿಷನ್ನನ್ನು ತಂದಿದ್ದರು. “ಕೊಳವೆ ಮಂಕಾಗಿದೆ, ಹೊಸದು ಸಿಗುವುದಿಲ್ಲ, ಕರೆಂಟೂ ಹೆಚ್ಚು ತಿನ್ನುತ್ತೆ. ಬಿಟ್ಟುಬಿಡಿ” ಎಂದು ಇವನು ಕೈಜೋಡಿಸಿದನು. ಆದರೆ ಅದರ ಗಾಜಿನಲ್ಲಿ ಸೀಸವಿರುವುದರಿಂದ ತಿಪ್ಪೆಗೆ ಎಸೆಯದೆ, ಇಂತಹ ತ್ಯಾಜ್ಯವನ್ನು ಕ್ರಮವಾಗಿ ಸಂಗ್ರಹಿಸುವವರಿಗೇ ಕೊಡಬೇಕೆಂದು ಎಚ್ಚರಿಸಿದನು. ಇದಕ್ಕಾಗಿ ರಚಿತವಾದ ಹೊಸ ನಿಯಮಗಳು 2023ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿವೆ. ಟೆಲಿವಿಷನ್ನು ಜೀರ್ಣವಾಗಿದ್ದಿತು, ರೇಡಿಯೋ ಹರಿದಿದ್ದಿತು, ಅಷ್ಟೆ.

ಮಗನು ಎರಡು ವರ್ಷದ ಹಿಂದೆ ಕೊಡಿಸಿದ್ದ ಹಾಡಿನ ಡಬ್ಬಿಯೊಂದೂ ನನ್ನ ಚೀಲದಲ್ಲಿದ್ದಿತು. ಅದಕ್ಕೆ ತಿರುಪೇ ಇಲ್ಲ, ಬ್ಯಾಟರಿಯನ್ನು ಅಂಟಿನಿಂದ ಕೂರಿಸಿ ಮುಚ್ಚಿದ್ದಾರೆ, ತೆರೆದರೆ ಒಡೆಯುತ್ತದೆ. ಸೂಜಿ ಹೋಗದಂತೆಯೇ ನೆಯ್ದ ಬಟ್ಟೆಯಿದು! ಫ್ರಾನ್ಸ್ ದೇಶದವರು 2021ರಲ್ಲಿ, ಮಾರಾಟಕ್ಕೆ ಬರುವ ಕೆಲವು ಯಂತ್ರಗಳು ದುರಸ್ತಿಗೆ ಎಷ್ಟು ಒದಗುವುವೆಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ನಮೂದಿಸುವ ಪದ್ಧತಿಯನ್ನು ತಂದರು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ, ದುರಸ್ತಿಯ ಮತ್ತು ಬಿಡಿಭಾಗಗಳ ವಿವರವನ್ನು ತಯಾರಕರು ಒಂದೆಡೆ ಒದಗಿಸಲೆಂದು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಮಕ್ಕಳಿಗೆ ಅಂಕ ಹಾಕಿಯೇ ಆಯುಷ್ಯವನ್ನು ಕಳೆದ ನನಗೆ ಅಂಗಡಿಯ ಸಾಮಾನಿಗೂ ಅಂಕವುಂಟೆಂದು ಕೇಳಿ ಸಂತೋಷವಾಯಿತು. ಕೊಳ್ಳುವ ದಿನವೇ “ಇದನ್ನು ಬಿಚ್ಚಬಹುದೆ? ಬ್ಯಾಟರಿಯನ್ನು ಬದಲಿಸಬಹುದೆ?” ಎಂದು ಕೇಳುವುದು ಗೃಹಿಣಿಯರಿಗೆ ಹಿತವೆಂದು ತೋರುತ್ತದೆ. ಕೆಟ್ಟ ದಿನ, ಎಸೆಯುವ ಮೊದಲು, ಬಲ್ಲವನೊಬ್ಬನಿಗೆ ಒಮ್ಮೆ ತೋರಿಸುವುದೂ ಹಾಗೆಯೇ.

ಶಿಷ್ಯನು ಮೊದಲು ಹಣವನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಬಲವಂತ ಮಾಡಲು ಇನ್ನೂರು ರೂಪಾಯಿ ತೆಗೆದುಕೊಂಡನು. ಅವನಿಗೆ ಹೇಳಬೇಕಾಗಿದ್ದ ಮಾತೊಂದು ಬಾಗಿಲವರೆಗೂ ನನ್ನ ಬಾಯಲ್ಲಿಯೇ ಇದ್ದಿತು. ಕೊನೆಗೆ ಹಿಂದಿರುಗಿ, “ಅಂದು ನಾನು ನಿನಗೆ ಹೇಳಿದ್ದು ತಪ್ಪಪ್ಪಾ” ಎಂದೆನು. ಅವನು ತಲೆಯನ್ನು ತಗ್ಗಿಸಿ, ಬೆಸುಗೆಯ ಕಡ್ಡಿಯನ್ನು ಒರೆಸುತ್ತಾ, “ಮಳೆ ಬರುವ ಹಾಗಿದೆ, ಸಾರ್. ರೇಡಿಯೋ ನೆನೆಯದ ಹಾಗೆ ಸುತ್ತಿಕೊಳ್ಳಿ” ಎಂದನು.