ಹಿಟ್ಟಿನ ಹುಂಜ ಮತ್ತು ಕಥೆಯ ಕರಡಿ

ಮಕ್ಕಳ ಪುಸ್ತಕದ ಕರಡಿಯೊಂದು ಮನುಷ್ಯರನ್ನು ಕೊಲ್ಲುತ್ತ ತಿರುಗುವ ಚಲನಚಿತ್ರವನ್ನು ನೋಡಿ ನಗುವುದು ಹಿಂಸೆಯಾಗುತ್ತದೆಯೇ? ಕೃಷ್ಣರಾಜಪುರದ ನಮ್ಮ ಮನೆಯಲ್ಲಿ ಈ ಪ್ರಶ್ನೆಯೆದ್ದದ್ದು ಕಾಲೇಜಿನಲ್ಲಿ ಓದುವ ಮೊಮ್ಮಗನಿಂದ. ಅವನು ಫೋನಿನಲ್ಲಿ ನೋಡುತ್ತಿದ್ದುದನ್ನು ಎಂಟು ವರ್ಷದ ತಂಗಿಯೂ ಹಿಂದಿನಿಂದ ಇಣುಕಿ ನೋಡಿದಳು. ಅಂದಿನಿಂದ ಮಲಗುವ ಮುನ್ನ ತನ್ನ ಕರಡಿ ಗೊಂಬೆಯ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಾಳೆ. "ತಾತ, ಅದು ವೇಷ ಹಾಕಿದ ಮನುಷ್ಯ. ರಕ್ತ ಬರೀ ಬಣ್ಣದ ನೀರು. ಯಾವ ಜೀವವೂ ಹೋಗಲಿಲ್ಲವಲ್ಲ, ಹಿಂಸೆ ಎಲ್ಲಿಂದ ಬಂತು?" ಎಂಬುದು ಅವನ ವಾದ.

ಆ ಕರಡಿಯ ಹೆಸರು ವಿನ್ನಿ ದ ಪೂ. ಇಂಗ್ಲೆಂಡಿನ ಎ. ಎ. ಮಿಲ್ನ್ 1926ರಲ್ಲಿ ಪ್ರಕಟಿಸಿದ ಪುಸ್ತಕದ ನಾಯಕ. ಅಮೆರಿಕದಲ್ಲಿ ಅದರ ಕೃತಿಸ್ವಾಮ್ಯ 2022ರ ಜನವರಿ 1ರಂದು ತೀರಿತು. ಮರುವರ್ಷವೇ 'ಬ್ಲಡ್ ಅಂಡ್ ಹನಿ' ಎಂಬ ಚಿತ್ರ ತೆರೆಗೆ ಬಂದಿತು. ಟಿಗ್ಗರ್ ಎಂಬ ಹುಲಿ 1928ರ ಪುಸ್ತಕದ್ದಾದ್ದರಿಂದ ಮೊದಲ ಚಿತ್ರದಲ್ಲಿಲ್ಲ; 2024ರಲ್ಲಿ ಆ ಹಕ್ಕೂ ತೀರಿದೊಡನೆ ಎರಡನೆಯ ಚಿತ್ರದಲ್ಲಿ ಅದೂ ಕೊಲೆಗಾರನಾಯಿತು. 1928ರ 'ಸ್ಟೀಮ್‌ಬೋಟ್ ವಿಲ್ಲಿ'ಯ ಮಿಕ್ಕಿ ಇಲಿಗೂ ಅದೇ ಗತಿ. 2025ರ 'ಸ್ಕ್ರೀಮ್‌ಬೋಟ್' ಅದನ್ನು ನ್ಯೂಯಾರ್ಕಿನ ಹಡಗೊಂದರಲ್ಲಿ ಕೊಲೆಗಡುಕನನ್ನಾಗಿಸಿ ನಗಿಸಲು ಹೊರಟಿತು. ಪಾತ್ರವನ್ನು ಪರಿಚಯಿಸುವ ಶ್ರಮವಿಲ್ಲ. ಮಕ್ಕಳ ವಾತ್ಸಲ್ಯವೇ ಬಂಡವಾಳ. ಕಳಪೆ ಚಿತ್ರಗಳಿಗೆಂದು ಕೊಡುವ ರಾಸ್‌ಬೆರಿ ಪ್ರಶಸ್ತಿಗಳಲ್ಲಿ ಐದು 2024ರಲ್ಲಿ ಪೂ ಚಿತ್ರಕ್ಕೆ ಸಂದವು. ಆದರೂ ನಿರ್ಮಾಪಕರಿಗೆ ಲಾಭವಾಯಿತೆನ್ನಿ.

ಪರಿಚಿತ ಪಾತ್ರವನ್ನು ಬೇರೆಯಾಗಿ ಕಾಣುವುದೇ ತಪ್ಪೆಂದು ಜೈನರಾದ ನಾವು ಹೇಳುವಂತಿಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನು ಒಂದು ಚಿತ್ತಚಾಂಚಲ್ಯಕ್ಕೆ ಸೋತು, ಕೊನೆಗೆ ಪಶ್ಚಾತ್ತಾಪಪಡುವ ಮನುಷ್ಯ. ಅಲ್ಲಿ ಕೇಡಿಗನ ಬಗೆಗೂ ಓದುಗನ ಕರುಣೆ ಹಿಗ್ಗುತ್ತದೆ. ಈ ಚಿತ್ರಗಳಲ್ಲಿ ಇದ್ದ ಕರುಣೆಯೂ ಕುಗ್ಗುತ್ತದೆ.

ಮೊಮ್ಮಗನ ವಾದಕ್ಕೆ ನಮ್ಮಲ್ಲಿ ಹಳೆಯ ಉತ್ತರವೊಂದಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಅರಸನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕತ್ತರಿಸುತ್ತಾನೆ. ಹಿಟ್ಟಿಗೆ ಪ್ರಾಣವೆಲ್ಲಿ? ಆದರೂ ಕತ್ತಿ ತಗುಲಿದಾಗ ಅದು ಕೂಗುತ್ತದೆ. ಆ ಕೂಗನ್ನು ಕೇಳಿದ ಅರಸನ ಎದೆ ನಡುಗುತ್ತದೆ. ತಾಯಿಮಕ್ಕಳು ನವಿಲು, ನಾಯಿ ಮೊದಲಾಗಿ ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕೋಳಿಗಳಾಗಿಯೂ ಹುಟ್ಟಿ ಸತ್ತು, ಬಳಿಕ ಮನುಷ್ಯಜನ್ಮ ಪಡೆಯುತ್ತಾರೆ. ದ್ರವ್ಯಹಿಂಸೆ ನಡೆಯದಿದ್ದರೂ ಸಂಕಲ್ಪವೇ ಹಿಂಸೆ.

ಆದರೆ ನ್ಯಾಯವಾಗಿ ನೋಡಬೇಕು. ಯಶೋಧರನ ಕೈಯಲ್ಲಿ ಕತ್ತಿಯಿತ್ತು, ಪ್ರೇಕ್ಷಕನು ಬರಿಗೈಯವನು. ಅವನಿಗೆ ಹೆಚ್ಚು ಸಲ್ಲುವುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿರುವ ದುಃಶ್ರುತಿ, ಅಂದರೆ ಮನಸ್ಸನ್ನು ಕೆಡಿಸುವ ಕಥೆಗಳಿಗೆ ಕಿವಿಗೊಡುವುದು. ಭಯಾನಕ ಕಥೆಯೆಲ್ಲ ದುಃಶ್ರುತಿಯೇ? ನಮ್ಮ ಪುರಾಣಗಳ ನರಕವರ್ಣನೆಯೂ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ. ಅಲ್ಲಿ ನೋವು ನೋವಾಗಿಯೇ ಕಾಣುತ್ತದೆ, ಇಲ್ಲಿ ವಿನೋದವಾಗುತ್ತದೆ. ಹಾಸ್ಯ, ಭಯ, ಜುಗುಪ್ಸೆ ಮೂರೂ ನೋಕಷಾಯಗಳೇ. ಮೂರನ್ನೂ ಒಟ್ಟಿಗೆ ಕೆರಳಿಸುವ ಸರಕಿದು.

ಬಸದಿಯ ಪಾಠಶಾಲೆಗಳಲ್ಲಿ ನಿಷಿದ್ಧ ಚಿತ್ರಗಳ ಪಟ್ಟಿ ಹಾಕಬೇಕೆಂಬ ಮಾತು ಕೇಳುತ್ತೇನೆ. ನನಗದು ಒಪ್ಪಿಗೆಯಿಲ್ಲ, ಪಟ್ಟಿಯೇ ಹುಡುಗರಿಗೆ ಆಮಂತ್ರಣವಾದೀತು. 2023ರ ತಿದ್ದುಪಡಿಯಿಂದ ನಮ್ಮ ಚಲನಚಿತ್ರ ಕಾಯಿದೆ ಯುಎ ಪ್ರಮಾಣಪತ್ರವನ್ನು 7, 13, 16 ವರ್ಷಗಳೆಂದು ವಿಂಗಡಿಸಿದೆಯಾದರೂ ಅಣ್ಣನ ಫೋನಿಗೆ ದ್ವಾರಪಾಲಕರಿಲ್ಲ. ದೊಡ್ಡವರು ಪಕ್ಕದಲ್ಲಿ ಕುಳಿತು, ಆ ಕಥೆಯನ್ನೇ ಮಕ್ಕಳೊಂದಿಗೆ ಚರ್ಚಿಸಬಹುದು.

ಚರ್ಚಿಸಲು ವಸ್ತುವೂ ಇದೆ. ಚಿತ್ರದ ಕಥೆಯಂತೆ ಕ್ರಿಸ್ಟೋಫರ್ ರಾಬಿನ್ ಎಂಬ ಹುಡುಗ ಪ್ರಾಣಿಗಳಿಗೆ ಚಿಕ್ಕಂದಿನಿಂದ ಆಹಾರ ಕೊಟ್ಟು ಅಭ್ಯಾಸ ಮಾಡಿಸಿ, ಕಾಲೇಜಿಗೆಂದು ಬಿಟ್ಟುಹೋಗುತ್ತಾನೆ. ಚಳಿಗಾಲದ ಹಸಿವಿನಲ್ಲಿ ಅವು ತಮ್ಮ ಗೆಳೆಯನಾದ ಕತ್ತೆಯನ್ನೇ ತಿನ್ನುತ್ತವೆ. ಮನುಷ್ಯದ್ವೇಷ ಅಲ್ಲಿಂದ ಹುಟ್ಟುತ್ತದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ, ಆಶ್ರಿತ ಜೀವಿಗಳಿಗೆ ಅನ್ನನೀರು ತಪ್ಪಿಸುವುದು. ಈ ಹಸಿವಿನ ಕಥೆಯನ್ನು ಚಿತ್ರವು ಆರಂಭದ ಕೆಲವು ರೇಖಾಚಿತ್ರಗಳಲ್ಲಿ ಮುಗಿಸಿಬಿಟ್ಟು, ಉಳಿದ ಹೊತ್ತನ್ನೆಲ್ಲ ಕೊಲೆಗಳಿಗೆ ಕೊಡುತ್ತದೆ.