ಎರಡು ಸಲ ಬಂದ ಸುದ್ದಿ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರು ಎರೆ ಭೂಮಿಯ ಸಾಮಾನ್ಯ ಗ್ರಾಮ. ಬೆಟದೂರಿರಲಿ, ಬಳ್ಳಾರಿ ಸಮೀಪದ ಕೊಳಗಲ್ಲಿರಲಿ, ಇಂಥ ಮಳೆ ನಂಬಿದ ಊರುಗಳ ಒಕ್ಕಲು ಮನೆಯಲ್ಲಿ ಒಬ್ಬ ಮಗ ತಿಂಗಳ ಸಂಬಳದ ನೌಕರಿಗೆ ಸೇರಿದನೆಂದರೆ ಆ ತಾಯಿಗೆ ಬತ್ತದ ಬಾವಿಯೊಂದು ದೊರೆತಂತೆ. ಬೆಟದೂರಿನ ಹನುಮಂತಪ್ಪ ಕೊಪ್ಪದ 2002ರಲ್ಲಿ ಸೇನೆ ಸೇರಿದಾಗ ಆ ಮನೆಗೂ ಅಂಥದೇ ಧೈರ್ಯ ಬಂದಿರಬೇಕು. ಮೈಲಿಗಟ್ಟಲೆ ನಡೆದು ಶಾಲೆ ಕಲಿತ ಈ ತರುಣನು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಸಿಪಾಯಿಯಾದನು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಾಶ್ಮೀರ, ಈಶಾನ್ಯಗಳಂಥ ಕಠಿಣ ಠಾಣೆಗಳಲ್ಲಿಯೇ ಕಳೆದವು. 2015ರಲ್ಲಿ ಸಿಯಾಚಿನ್ ಹಿಮನದಿಗೆ ನೇಮಕವಾಯಿತು.

2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹನುಮಂತಪ್ಪ, ಹಾಸನ ಕಡೆಯ ತೇಜೂರಿನ ನಾಗೇಶ, ಎಚ್.ಡಿ. ಕೋಟೆ ಕಡೆಯ ಮಹೇಶ. ಯಾರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆಯೆಂದು ಮರುದಿನ ಸೇನೆ ತಿಳಿಸಿತು. ಪ್ರಧಾನಮಂತ್ರಿಯವರ ಸಂತಾಪವೂ ಪ್ರಕಟವಾಯಿತು. ಬೆಟದೂರಿನ ಆ ಮನೆಯಲ್ಲಿ ಅಳು ಎದ್ದಿತು.

‘ಸಾಧ್ಯತೆ ಕಡಿಮೆ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಅಂತರ ಎಷ್ಟು? ಅಂಗಡಿಯ ಲೆಕ್ಕದಲ್ಲಿ ವಸೂಲಾಗದ ಬಾಕಿಯನ್ನು ವರ್ಷದ ಕೊನೆಗೆ ಬರೆದುಹಾಕುವುದುಂಟು. ಮರುವರ್ಷ ಅದು ಬಂದರೆ ಇನ್ನೊಂದು ಖಾತೆಗೆ ಜಮಾ ಮಾಡಿದರಾಯಿತು. ತಾಯಿಯ ಲೆಕ್ಕ ಹಾಗಲ್ಲ. ಸೇನೆಯ ಪ್ರಕಟಣೆ ಎಚ್ಚರಿಕೆಯ ಮಾತೇ ಆಗಿತ್ತು. ಆದರೆ ಊರ ಬಾಯಿಗೆ ಬೀಳುವಷ್ಟರಲ್ಲಿ ಆ ಎಚ್ಚರಿಕೆ ಸವೆದುಹೋಗುತ್ತದೆ. ತಿಳಿದಷ್ಟನ್ನೇ ನುಡಿಯಬೇಕು, ಊಹಿಸಿದ್ದನ್ನು ತಿಳಿದಂತೆ ನುಡಿಯಬಾರದು ಎಂಬುದು ಸತ್ಯವ್ರತದ ಮೊದಲ ಪಾಠ. ಸಾವಿನ ಸುದ್ದಿ ಹೊತ್ತು ಬರುವವರಿಗೆ ಅದು ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸಬೇಕು.

ಶೋಧ ಮಾತ್ರ ನಿಲ್ಲಲಿಲ್ಲ. ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಕೊರೆಯುವ ಯಂತ್ರಗಳೂ ಡಾಟ್, ಮಿಶಾ ಎಂಬ ಶ್ವಾನಗಳೂ ದುಡಿದವು. ಫೆಬ್ರವರಿ 8ರಂದು ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಉಸಿರಾಡುತ್ತಿರುವುದು ಕಂಡಿತು. ಆರನೆಯ ದಿನ! ಮಗನಿಲ್ಲವೆಂದು ಅತ್ತ ಮನೆಗೆ ಮಗನಿದ್ದಾನೆಂಬ ಸುದ್ದಿ ಬಂತು. ತಾಯಿ, ಪತ್ನಿ, ಇನ್ನೂ ಎರಡು ವರ್ಷ ತುಂಬದ ಮಗಳು ದೆಹಲಿಯ ಸೇನಾ ಆಸ್ಪತ್ರೆಗೆ ಧಾವಿಸಿದರು. ದೇಶದಲ್ಲೆಲ್ಲ ಪ್ರಾರ್ಥನೆಗಳು ನಡೆದವು. ಉತ್ತರಪ್ರದೇಶದ ಗೃಹಿಣಿಯೊಬ್ಬರು ಕಂಡರಿಯದ ಈ ಕನ್ನಡಿಗನಿಗೆ ತಮ್ಮ ಮೂತ್ರಪಿಂಡವನ್ನೇ ಕೊಡಲು ಮುಂದೆ ಬಂದರು. ದಾನದ ಬಗೆಗೆ ಎಷ್ಟು ಉಪನ್ಯಾಸ ಕೇಳಿದರೂ ಇಂಥದೊಂದು ನಡತೆಯ ಮುಂದೆ ಅವು ಹಗುರವೇ.

ಆದರೆ ದೇಹ ಸೋತಿತ್ತು. ನ್ಯುಮೋನಿಯಾ ತಗುಲಿತ್ತು, ಯಕೃತ್ತು, ಮೂತ್ರಪಿಂಡಗಳು ಕೆಲಸ ಬಿಟ್ಟಿದ್ದವು. ಫೆಬ್ರವರಿ 11ರಂದು ಮಧ್ಯಾಹ್ನಕ್ಕೆ ಮುನ್ನ, ಮೂವತ್ಮೂರರ ವಯಸ್ಸಿನಲ್ಲಿ, ಆತ ಕೊನೆಯುಸಿರೆಳೆದರು. ಮರುದಿನ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಅಂತಿಮ ದರ್ಶನ ಪಡೆದ ಮೇಲೆ ಬೆಟದೂರಿನ ಮಣ್ಣಿನಲ್ಲಿ ಸಕಲ ಸರ್ಕಾರಿ ಗೌರವದೊಡನೆ ಸಮಾಧಿಯಾಯಿತು.

ಆ ಮೂರು ದಿನಗಳ ಆಸೆ ತಾಯಿಗೆ ಸಂದ ಕೃಪೆಯೋ, ಮತ್ತೊಂದು ಪೆಟ್ಟೋ? ಪೆಟ್ಟೆಂದೇ ಹಲವರ ಅಭಿಪ್ರಾಯ. ಹಾಗೆನ್ನುವ ಮುನ್ನ ಉಳಿದ ಒಂಬತ್ತು ಮನೆಗಳನ್ನು ನೆನೆಯಬೇಕು. ಅಲ್ಲಿಗೆ ಬಂದದ್ದು ಹವಾಮಾನದ ಕಾರಣ ದಿನಗಟ್ಟಲೆ ತಡವಾದ ಪೆಟ್ಟಿಗೆಗಳು ಮಾತ್ರ. ಬೆಟದೂರಿನ ತಾಯಿಯ ಮಗ ತನ್ನವರು ಇರುವ ಊರಿನಲ್ಲಿಯೇ, ಉಸಿರಿದ್ದಾಗಲೇ ಮಲಗಿದ್ದ. ಇದನ್ನು ಲಾಭವೆನ್ನಲಾಗದು, ಆದರೆ ಶೂನ್ಯವೆನ್ನಲೂ ಆಗದು.

ಇನ್ನು ಲೆಕ್ಕದ ಮಾತು. ಇದು ಈ ಕುಟುಂಬವನ್ನು ಕುರಿತದ್ದಲ್ಲ, ಎಲ್ಲ ಯೋಧರ ಮನೆಗಳನ್ನು ಕುರಿತದ್ದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಉಯಿಲಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಸಾಲಿನಲ್ಲಿಯೇ ತಾಯಿಯನ್ನು ಕೂರಿಸಿದೆ. ತಂದೆಗೆ ಸ್ಥಾನ ಎರಡನೆಯ ವರ್ಗದಲ್ಲಿ. ಕುಟುಂಬ ಪಿಂಚಣಿಯ ಹಾದಿ ಬೇರೆ. ಅದು ಮೊದಲು ವಿಧವೆಗೆ ಸಲ್ಲುತ್ತದೆ. ಎಳೆಯ ಮಗುವನ್ನು ಬೆಳೆಸಬೇಕಾದ ತರುಣಿಗೆ ಅದು ನ್ಯಾಯವೇ. ಆದರೆ ಮಗನ ಮನಿಯಾರ್ಡರಿನ ಮೇಲೆ ನಿಂತಿದ್ದ ಮುದುಕಿಯ ಔಷಧಿ ಖರ್ಚು ಅಂದಿನಿಂದ ಸೊಸೆಯ ಸೌಜನ್ಯವನ್ನು ಅವಲಂಬಿಸುತ್ತದೆ. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಉಂಡರೆ ಪ್ರಶ್ನೆಯೇ ಏಳದು. ಒಲೆ ಎರಡಾದರೆ? ನಾಮನಿರ್ದೇಶನದ ಕಾಗದ ತುಂಬುವ ದಿನವೇ ತಾಯಿಗೂ ಒಂದು ಪಾಲು ಬರೆಯುವುದು ಮಗನ ಕೈಯಲ್ಲಿದೆ. ಮದುವೆಯ ಉತ್ಸಾಹದಲ್ಲಿ ಬಹುಮಂದಿ ಅದನ್ನು ಮರೆಯುತ್ತಾರೆ, ಹಿರಿಯರೂ ನಾಚಿಕೆಯಿಂದ ನೆನಪಿಸುವುದಿಲ್ಲ.

ಹನುಮಂತಪ್ಪನಿಗೆ ಮರಣೋತ್ತರ ಸೇನಾ ಪದಕ ಸಂದಿತು. 2017ರ ಸೇನಾ ದಿನದಂದು ಪತ್ನಿ ಅದನ್ನು ಸ್ವೀಕರಿಸಿದರು.