ತಿರುಗದ ಎಂಜಿನ್ನು

ಜಯನಗರದ ಮನೆ ಮುಂದಿನ ಪ್ರೀಮಿಯರ್ ಪದ್ಮಿನಿ ನಮ್ಮವರದು. ಅವರು ಹೋದಮೇಲೆ, "ಗುಜರಿಗೆ ಹಾಕಮ್ಮ, ಆ ಕಾರು ತಯಾರಾಗೋದೇ ನಿಂತು ಇಪ್ಪತ್ತು ವರ್ಷ ದಾಟಿತು" ಎಂದ ಮಗ. ನಾನು ಹಟಕ್ಕೆ ಬಿದ್ದು ಚೀಟಿ ಹಣವನ್ನೆಲ್ಲ ಸುರಿದು ಎಂಜಿನ್ ಬಿಚ್ಚಿಸಿ ಕಟ್ಟಿಸಿದೆ. ಕಟ್ಟಿದ ಮೇಲೆ ನೋಡಿದರೆ ಅದು ತಿರುಗಲೇ ಇಲ್ಲ!

"ಹೊಸ ರಿಂಗು, ಬಿಗಿ ಇರುತ್ತಮ್ಮ. ಇನ್ನೊಂದು ಗಾಡಿಗೆ ಕಟ್ಟಿ ಎಳೆದರೆ ಸರಿಹೋಗುತ್ತೆ" ಎಂದರು ಮೆಕ್ಯಾನಿಕ್. ಬೇಡವೆಂದೆ. ಬಲವಂತಕ್ಕೆ ಬೇರಿಂಗು ಸುಟ್ಟರೆ ನನ್ನ ಚೀಟಿಯೂ ಸುಟ್ಟಂತೆ. ಮೂವತ್ತು ವರ್ಷ ನಮ್ಮವರ ಪಕ್ಕ ಟಾರ್ಚ್ ಹಿಡಿದು ನಿಂತವಳಲ್ಲವೆ ನಾನು! ನಾಲ್ಕೂ ಪ್ಲಗ್ ಬಿಚ್ಚಿಸಿದೆ. ಒಳಗಿನ ಗಾಳಿಯ ಒತ್ತಡ ಹೋದರೂ ಬಿಗಿ ಹಾಗೇ. ಹಾಗಾದರೆ ಕೆಳಗೇ ಏನೋ ಹಿಡಿದಿದೆ. ಅವರು ಗೊಣಗುತ್ತಲೇ ಸಂಪ್ ಇಳಿಸಿ, ಕ್ರ್ಯಾಂಕನ್ನು ಹಿಡಿದಿಡುವ ಕ್ಯಾಪುಗಳನ್ನು ಒಂದೊಂದಾಗಿ ಸಡಿಲಿಸಿ ತಿರುಗಿಸುತ್ತ ಬಂದರು. ನಡುವಿನದು ಸಡಿಲಾದದ್ದೇ ತಡ, ಸ್ಪ್ಯಾನರಿಗೆ ಮಣಿಯಿತು. ಹುಡುಗ ಅದನ್ನು ಹಿಂದುಮುಂದಾಗಿ ಕೂರಿಸಿದ್ದ! ಬ್ಲಾಕಿನೊಂದಿಗೆ ಸೇರಿಸಿಯೇ ಕೊರೆದ ಕ್ಯಾಪು, ಒಂದೇ ದಿಕ್ಕಿಗೆ ಹೊಂದುವುದು. ನಮ್ಮತ್ತೆಯ ಹಿತ್ತಾಳೆ ಡಬ್ಬಿಯ ಮುಚ್ಚಳವೂ ಹೀಗೇ ಇತ್ತು.

ಬೇರಿಂಗಿಗೆ ಗೀರು ಬಿದ್ದಿರಲಿಲ್ಲ, ಸದ್ಯ. ಮೂರನೆಯ ದಿನ ಕಾರು ಬನಶಂಕರಿ ದೇವಸ್ಥಾನದವರೆಗೆ ಹೋಗಿಬಂತು. ಮಗ ಕೀ ಕೇಳಿದ. ಇನ್ನೂ ಕೊಟ್ಟಿಲ್ಲ.